ಮೊದಲ ಪ್ಲಗಿನ್ ಯಾವ ಆ್ಯಪ್‌ಗೆ? ಶೀಟ್ಸ್, ಅಬ್ಸಿಡಿಯನ್, ಜಾಪ್ಲಿನ್, ನೋಶನ್, ರೇಕಾಸ್ಟ್ ಹೋಲಿಕೆ

ದಿನಾ ಬಳಸುವ ಆ್ಯಪ್‌ಗೆ ನಮ್ಮದೇ ಒಂದು ಪ್ಲಗಿನ್ (ಆ್ಯಪ್‌ಗೆ ಹೊಸ ಕೆಲಸ ಕಲಿಸುವ ಸಣ್ಣ ಪ್ರೋಗ್ರಾಂ) ಬರೆಯಬೇಕು ಅಂತ ಹೊರಟವರಿಗೆ ಎರಡು ಪ್ರಶ್ನೆ ಬರುತ್ತವೆ. ಯಾವ ಭಾಷೆ ಕಲಿಯಬೇಕು? ಯಾವ ಆ್ಯಪ್‌ನಿಂದ ಶುರು ಮಾಡಬೇಕು? ಮೊದಲನೆಯದಕ್ಕೆ ಉತ್ತರ ಸುಲಭ. ಇಲ್ಲಿ ಹೇಳುವ ಐದಾರು ಆ್ಯಪ್‌ಗಳಿಗೂ ಜಾವಾಸ್ಕ್ರಿಪ್ಟ್ ನಡೆಯುತ್ತದೆ. ಅದರದೇ ವಿಸ್ತರಿಸಿದ ರೂಪವಾದ ಟೈಪ್‌ಸ್ಕ್ರಿಪ್ಟ್ ಬಂದರೆ ಒಳ್ಳೆಯದು, ಬರದಿದ್ದರೂ ಕೆಲಸ ನಿಲ್ಲುವುದಿಲ್ಲ. ಎರಡನೆಯದು ಸ್ವಲ್ಪ ತೊಡಕು. ಬಹಳ ಜನ ಆ್ಯಪ್‌ನ ಹೆಸರು, ಅದನ್ನು ಎಷ್ಟು ಜನ ಬಳಸುತ್ತಾರೆ ಅನ್ನುವುದನ್ನು ನೋಡಿ ಆರಿಸುತ್ತಾರೆ. ನಾನು ನೋಡುವುದು ಬೇರೆ: ನಾವು ಬರೆದ ಕೋಡ್ ಎಲ್ಲಿ ಓಡುತ್ತದೆ? ಗೂಗಲ್‌ನ ಸರ್ವರಿನಲ್ಲೋ, ಆ್ಯಪ್‌ನ ಒಳಗೇ ಓಡುತ್ತದೋ, ಆ್ಯಪ್‌ನ ಪಕ್ಕದಲ್ಲಿ ಬೇರೆ ಪ್ರೊಸೆಸ್ ಆಗಿಯೋ, ಇಲ್ಲ ಆ್ಯಪ್‌ನಿಂದ ಪೂರ್ತಿ ಹೊರಗೋ? ಎಷ್ಟು ಬೇಗ ಫಲ ಕಾಣುತ್ತದೆ, ಏನೇನು ಮುಟ್ಟಬಹುದು, ಮೊಬೈಲಿನಲ್ಲಿ ನಡೆಯುತ್ತದೋ ಇಲ್ಲವೋ, ಬೇರೆಯವರಿಗೆ ಹೇಗೆ ಕೊಡುವುದು, ಎಲ್ಲವೂ ಇದರ ಮೇಲೇ ನಿಂತಿವೆ.

ಹೋಲಿಸೋಕೆ ಒಂದೇ ಕೆಲಸ ಇಟ್ಟುಕೊಳ್ಳೋಣ: ಕನ್ನಡ ಅಂಕಿಗಳನ್ನು ಇಂಗ್ಲಿಷ್ ಅಂಕಿಗಳಿಗೆ ಬದಲಿಸುವುದು. ಖರ್ಚಿನ ಪಟ್ಟಿಯಲ್ಲಿ ೧,೨೫೦ ಅಂತ ಬರೆದಿರುತ್ತೀರಿ. ಕೂಡಲು ಹೋದರೆ ಜಾವಾಸ್ಕ್ರಿಪ್ಟ್ ಅದನ್ನು ಸಂಖ್ಯೆ ಅಂತ ಒಪ್ಪುವುದೇ ಇಲ್ಲ. ಬದಲಿಸುವ ಲೆಕ್ಕ ಸಣ್ಣದು. ಯೂನಿಕೋಡ್‌ನಲ್ಲಿ ೦ಯಿಂದ ೯ರವರೆಗೆ ಹತ್ತು ಅಂಕಿಗಳೂ ಸಾಲಾಗಿ ಇವೆ. ಅಂಕಿಯ ಕೋಡ್‌ನಿಂದ ೦ಯ ಕೋಡ್ ಕಳೆದರೆ ಬೇಕಾದ ಅಂಕಿ ಸಿಗುತ್ತದೆ. ಒಂದೇ ಸಾಲಿನ ಕೋಡ್. ಉಳಿದ ಶ್ರಮವೆಲ್ಲ ಅದನ್ನು ಆ್ಯಪ್‌ಗೆ ಜೋಡಿಸುವುದರಲ್ಲೇ ಹೋಗುತ್ತದೆ. ನಮಗೆ ಅಳೆಯಬೇಕಿರುವುದೂ ಅದನ್ನೇ.

ಗೂಗಲ್ ಶೀಟ್ಸ್

ಕಂಪ್ಯೂಟರಿನಲ್ಲಿ ಏನನ್ನೂ ಇನ್‌ಸ್ಟಾಲ್ ಮಾಡದೆ ಇವತ್ತೇ ಏನಾದರೂ ಓಡಿಸಿ ನೋಡಬೇಕು ಅಂದರೆ ಶೀಟ್ಸ್ ಜೊತೆಗೇ ಸಿಗುವ ಆ್ಯಪ್ಸ್ ಸ್ಕ್ರಿಪ್ಟ್‌ಗಿಂತ ಸಲೀಸು ಯಾವುದೂ ಇಲ್ಲ. ಶೀಟ್ ತೆರೆದು ಎಕ್ಸ್‌ಟೆನ್ಶನ್ಸ್ ಮೆನುವಿನಲ್ಲಿ ಆ್ಯಪ್ಸ್ ಸ್ಕ್ರಿಪ್ಟ್ ಒತ್ತಿ. ಬ್ರೌಸರಿನಲ್ಲೇ ಎಡಿಟರ್ ತೆರೆದುಕೊಳ್ಳುತ್ತದೆ. ಒಂದು ಫಂಕ್ಷನ್ ಬರೆದು ಸೇವ್ ಮಾಡಿ. ಶೀಟ್‌ಗೆ ಬಂದು, ಕೂಡಲು ಸಮ್ ಫಂಕ್ಷನ್ ಬಳಸುವ ಹಾಗೆಯೇ ಆ ಫಂಕ್ಷನ್ನಿನ ಹೆಸರನ್ನು ಸೆಲ್‌ನಲ್ಲಿ ಬರೆಯಿರಿ. ಅಷ್ಟೇ. ಇಂಥದ್ದಕ್ಕೆ ಕಸ್ಟಮ್ ಫಂಕ್ಷನ್ ಅನ್ನುತ್ತಾರೆ. ಇದು ಬಳಸುವವರ ಹತ್ತಿರ ಯಾವ ಅನುಮತಿಯನ್ನೂ ಕೇಳುವುದಿಲ್ಲ. ಬದಲಿಗೆ, ತಾನು ಉತ್ತರ ಕೊಡುವ ಸೆಲ್‌ಗಳನ್ನು ಬಿಟ್ಟು ಬೇರೆ ಸೆಲ್‌ಗಳನ್ನು ತಿದ್ದಲು ಇದಕ್ಕೆ ಬಿಡುವುದಿಲ್ಲ.

ಹೊಸಬರಿಗೆ ಇನ್ನೊಂದು ಅನುಕೂಲ ಇದೆ. ಇಲ್ಲಿ ಹೆಚ್ಚಿನ ಕೆಲಸಗಳು ಒಂದಾದ ಮೇಲೆ ಒಂದರಂತೆ ನಡೆಯುತ್ತವೆ. ಜಾವಾಸ್ಕ್ರಿಪ್ಟ್ ಕಲಿಯುವವರನ್ನು ಸುಸ್ತು ಮಾಡುವ ಪ್ರಾಮಿಸ್, ಅವೇಟ್‌ಗಳ (ಉತ್ತರ ಬರುವವರೆಗೆ ಕಾಯುವ ಕ್ರಮಗಳ) ಗೊಂದಲ ಅಷ್ಟಾಗಿ ಬರುವುದಿಲ್ಲ.

ನಮ್ಮ ಅಂಕಿ ಕೆಲಸದಲ್ಲಿ ಎಡವುವ ಜಾಗಗಳು ಬೇರೆ ಕಡೆ ಇವೆ. ೧,೨೫೦ ಅನ್ನು ಬದಲಿಸಿದರೆ ಸಿಗುವುದು 1,250 ಎಂಬ ಪಠ್ಯ. ಅದನ್ನು ಹಾಗೇ ಸೆಲ್‌ಗೆ ಕೊಟ್ಟರೆ ನೋಡಲು ಸರಿಯಾಗೇ ಕಾಣುತ್ತದೆ, ಆದರೆ ಆ ಸಾಲನ್ನು ಕೂಡಿದಾಗ ಸಮ್ ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಮೊದಲು ಅಲ್ಪವಿರಾಮ ತೆಗೆಯಬೇಕು, ಆಮೇಲೆ ಸಂಖ್ಯೆಯಾಗಿ ಬದಲಿಸಬೇಕು. ಹಾಗಂತ ಎಲ್ಲವನ್ನೂ ಸಂಖ್ಯೆ ಮಾಡಿದರೆ ಬೆಂಗಳೂರಿನ ೦೮೦ ಹೋಗಿ ಬರೀ 80 ಉಳಿಯುತ್ತದೆ. ಫೋನ್ ನಂಬರಿನ ಕಾಲಮ್‌ಗೆ ಒಂದು, ಹಣದ ಕಾಲಮ್‌ಗೆ ಇನ್ನೊಂದು ಅಂತ ಎರಡು ಫಂಕ್ಷನ್ ಇಟ್ಟುಕೊಳ್ಳುವುದು ವಾಸಿ.

ಕೋಡ್ ಓಡುವುದು ಗೂಗಲ್‌ನ ಸರ್ವರಿನಲ್ಲಿ, ಹಾಗಾಗಿ ಮಿತಿಗಳೂ ಅವರವೇ. ಕಸ್ಟಮ್ ಫಂಕ್ಷನ್ 30 ಸೆಕೆಂಡಿನಲ್ಲಿ ಮುಗಿಯಬೇಕು. ಮೆನುವಿನಿಂದ ಓಡಿಸುವ ಸ್ಕ್ರಿಪ್ಟ್‌ಗೆ ಒಂದು ಸಲಕ್ಕೆ 6 ನಿಮಿಷ. ಐನೂರು ಸೆಲ್‌ಗಳಲ್ಲಿ ಒಂದೇ ಫಂಕ್ಷನ್ ಬರೆದರೆ ಐನೂರು ಸಲ ಸರ್ವರಿಗೆ ಹೋಗಿ ಬರಬೇಕು, ಶೀಟ್ ತೆವಳುತ್ತದೆ. ಇಡೀ ಕಾಲಮ್ಮನ್ನು ಒಂದೇ ಸಲ ಕೊಟ್ಟು ಒಂದೇ ಸಲ ವಾಪಸ್ ಪಡೆಯುವ ಹಾಗೆ ಬರೆದರೆ ಈ ತೊಂದರೆ ತಪ್ಪುತ್ತದೆ. ಇನ್ನು, ನೀವು ಸೇರಿಸಿದ ಮೆನು ಮೊಬೈಲಿನ ಶೀಟ್ಸ್ ಆ್ಯಪ್‌ನಲ್ಲಿ ಕಾಣುವುದಿಲ್ಲ. ಫೋನಿನಲ್ಲೇ ಲೆಕ್ಕ ಬರೆಯುವವರಿಗೆ ಇದು ದೊಡ್ಡ ಕೊರತೆ.

ಅಬ್ಸಿಡಿಯನ್

ಜಾವಾಸ್ಕ್ರಿಪ್ಟ್ ಅಲ್ಪಸ್ವಲ್ಪ ಗೊತ್ತು, ನಿಜವಾದ ಪ್ಲಗಿನ್ ಅನ್ನುವಂಥದ್ದನ್ನೇ ಬರೆಯಬೇಕು ಅನ್ನುವವರಿಗೆ ನನ್ನ ಓಟು ಅಬ್ಸಿಡಿಯನ್‌ಗೆ. ಕಾರಣ ಹೇಳುತ್ತೇನೆ.

ಇದು ನೋಟ್ ಬರೆದಿಡುವ ಆ್ಯಪ್. ನೋಟ್‌ಗಳು ನಿಮ್ಮ ಕಂಪ್ಯೂಟರಿನ ಒಂದು ಫೋಲ್ಡರಿನಲ್ಲಿ ಮಾಮೂಲಿ ಮಾರ್ಕ್‌ಡೌನ್ (ಸರಳ ಗುರುತುಗಳಿರುವ ಪಠ್ಯ) ಫೈಲ್‌ಗಳಾಗಿ ಇರುತ್ತವೆ. ಆ ಫೋಲ್ಡರಿಗೆ ವಾಲ್ಟ್ ಅನ್ನುತ್ತಾರೆ. ಅದರೊಳಗೆ ಚುಕ್ಕಿಯಿಂದ ಶುರುವಾಗುವ ಅಬ್ಸಿಡಿಯನ್ ಫೋಲ್ಡರ್ ಒಂದಿದೆ, ಅದರೊಳಗೆ ಪ್ಲಗಿನ್ಸ್ ಫೋಲ್ಡರ್. ನಿಮ್ಮ ಪ್ಲಗಿನ್ ಅಂದರೆ ಅಲ್ಲಿ ಕೂರುವ ಎರಡು ಫೈಲ್: ಕೋಡ್ ಇರುವ ಒಂದು ಜಾವಾಸ್ಕ್ರಿಪ್ಟ್ ಫೈಲ್, ಹೆಸರು, ಆವೃತ್ತಿ, ಬೇಕಾದ ಕನಿಷ್ಠ ಆ್ಯಪ್ ಆವೃತ್ತಿ ಮುಂತಾದವನ್ನು ಹೇಳುವ ಮ್ಯಾನಿಫೆಸ್ಟ್ ಫೈಲ್. ಬಣ್ಣಬಿನ್ನಾಣ ಬೇಕಾದರೆ ಮೂರನೆಯದಾಗಿ ಒಂದು ಸ್ಟೈಲ್ ಫೈಲ್. ಫೋಲ್ಡರ್ ತೆರೆದು ಕಣ್ಣಾರೆ ನೋಡಬಹುದಾದ್ದರಿಂದ ಎಲ್ಲೋ ಏನೋ ಮಾಯ ನಡೆಯುತ್ತಿದೆ ಅನ್ನಿಸುವುದಿಲ್ಲ.

ಶುರು ಮಾಡಲು ಅಬ್ಸಿಡಿಯನ್ ತಂಡವೇ ಕೋಡ್ ಹಂಚಿಕೊಳ್ಳುವ ತಾಣವಾದ ಗಿಟ್‌ಹಬ್‌ನಲ್ಲಿ ಸ್ಯಾಂಪಲ್ ಪ್ಲಗಿನ್ ಇಟ್ಟಿದೆ. ಅದನ್ನು ಇಳಿಸಿಕೊಂಡು, ನೋಡ್ (ಬ್ರೌಸರಿನ ಹೊರಗೆ ಜಾವಾಸ್ಕ್ರಿಪ್ಟ್ ಓಡಿಸುವ ಸಾಧನ) ಇನ್‌ಸ್ಟಾಲ್ ಮಾಡಿ, ಅದರ ಪ್ಯಾಕೇಜ್ ಸಾಧನವಾದ ಎನ್‌ಪಿಎಂನಲ್ಲಿ ಡೆವ್ ಕಮಾಂಡ್ ಓಡಿಸಿದರೆ ಪ್ರತಿ ಸಲ ಸೇವ್ ಮಾಡಿದಾಗಲೂ ಹೊಸ ಕೋಡ್ ತಯಾರಾಗುತ್ತದೆ. ಹಾಟ್ ರೀಲೋಡ್ ಅನ್ನುವ ಪ್ಲಗಿನ್ ಹಾಕಿಕೊಂಡರೆ ಪ್ಲಗಿನ್ನನ್ನು ಆಫ್ ಮಾಡಿ ಆನ್ ಮಾಡುವ ಗೋಳೂ ಇಲ್ಲ. ಒಂದು ಮಾತು: ಇದನ್ನೆಲ್ಲ ನಿಮ್ಮ ನಿಜವಾದ ನೋಟ್‌ಗಳಿರುವ ವಾಲ್ಟ್‌ನಲ್ಲಿ ಮಾಡಬೇಡಿ. ಬೇರೆ ವಾಲ್ಟ್ ಮಾಡಿ, ಅದರಲ್ಲಿ ನಾಲ್ಕು ಸುಳ್ಳು ನೋಟ್ ಹಾಕಿಕೊಳ್ಳಿ.

ಆಯ್ದ ಪಠ್ಯದಲ್ಲಿರುವ ಅಂಕಿಗಳನ್ನು ಬದಲಿಸುವ ಕಮಾಂಡ್ ಇಲ್ಲಿ ಹತ್ತು ಸಾಲು ದಾಟುವುದಿಲ್ಲ. ಎಡಿಟರಿನಿಂದ ಆಯ್ಕೆ ತೆಗೆದುಕೊಳ್ಳಿ, ಬದಲಿಸಿ, ಅಲ್ಲೇ ವಾಪಸ್ ಹಾಕಿ. ಒಂದು ಕನ್ನಡ ಅಂಕಿಯ ಜಾಗದಲ್ಲಿ ಒಂದೇ ಇಂಗ್ಲಿಷ್ ಅಂಕಿ ಬರುವುದರಿಂದ ಪಠ್ಯದ ಉದ್ದ ಬದಲಾಗುವುದಿಲ್ಲ, ಸಾಲಿನ ಉಳಿದ ಪಠ್ಯ ಎಷ್ಟನೇ ಅಕ್ಷರದಿಂದ ಶುರು ಅನ್ನುವ ಲೆಕ್ಕವೂ ತಪ್ಪುವುದಿಲ್ಲ.

ರುಚಿ ಹತ್ತುವುದು ಇದರ ಮುಂದೆ. ಇಡೀ ನೋಟ್‌ನಲ್ಲಿ ಬದಲಿಸೋಣ, ಆದರೆ ಕೋಡ್ ಬ್ಲಾಕ್ ಮತ್ತು ಲಿಂಕ್‌ಗಳನ್ನು ಮುಟ್ಟಬಾರದು ಅಂದುಕೊಳ್ಳಿ. ೨೦೨೪ ಅನ್ನುವ ಹೆಸರಿನ ನೋಟ್‌ಗೆ ಲಿಂಕ್ ಕೊಟ್ಟಿದ್ದು, ಅದರೊಳಗಿನ ಅಂಕಿ ಬದಲಾದರೆ ಲಿಂಕ್ ಮುರಿಯುತ್ತದೆ, ಅಲ್ವಾ? ಅಬ್ಸಿಡಿಯನ್ ಪ್ರತಿ ನೋಟ್‌ನ ಶೀರ್ಷಿಕೆ, ಲಿಂಕ್, ಕೋಡ್ ಭಾಗಗಳು ಎಲ್ಲಿಂದ ಎಲ್ಲಿಯವರೆಗೆ ಇವೆ ಎಂಬ ಲೆಕ್ಕವನ್ನು ತಾನೇ ಇಟ್ಟುಕೊಂಡಿರುತ್ತದೆ. ಪ್ಲಗಿನ್ ಅದನ್ನು ಕೇಳಿ ಪಡೆಯಬಹುದು. ಮಾರ್ಕ್‌ಡೌನ್ ಪಾರ್ಸರನ್ನು ನೀವು ಹೊಸದಾಗಿ ಬರೆಯಬೇಕಿಲ್ಲ. ಆ್ಯಪ್‌ನ ಒಳಗೇ ಕೋಡ್ ಓಡುವುದರಿಂದ ಸಿಗುವ ಲಾಭ ಇದು.

ನಷ್ಟವೂ ಅಲ್ಲೇ ಇದೆ. ಅಬ್ಸಿಡಿಯನ್ ಪ್ಲಗಿನ್‌ಗೆ ಮನೆಯ ಬೀಗದಕೈ ಗೊಂಚಲನ್ನೇ ಕೊಟ್ಟ ಹಾಗೆ. ಎಲ್ಲ ನೋಟ್‌ಗಳನ್ನೂ ಓದಬಹುದು, ಇಂಟರ್ನೆಟ್‌ಗೆ ಹೋಗಬಹುದು, ಡೆಸ್ಕ್‌ಟಾಪ್‌ನಲ್ಲಾದರೆ ವಾಲ್ಟ್‌ನ ಆಚೆಯ ಫೈಲ್‌ಗಳನ್ನೂ ಮುಟ್ಟಬಹುದು. ಅದಕ್ಕೇ ಹೊಸ ವಾಲ್ಟ್‌ನಲ್ಲಿ ಹೊರಗಿನವರ ಪ್ಲಗಿನ್‌ಗಳು ತಾವಾಗಿ ಓಡದಂತೆ ರಿಸ್ಟ್ರಿಕ್ಟೆಡ್ ಮೋಡ್ ಇಟ್ಟಿದ್ದಾರೆ. ನಿಮ್ಮ ಪ್ಲಗಿನ್ ಯಾವುದಾದರೂ ಸೇವೆಯ ಎಪಿಐ ಕೀ (ಆ ಸೇವೆಯನ್ನು ಕೋಡ್‌ನಿಂದ ಬಳಸಲು ಬೇಕಾದ ಗುಟ್ಟಿನ ಸಂಕೇತ) ಕೇಳಿ, ಅದನ್ನು ಮಾಮೂಲಿ ಸೆಟ್ಟಿಂಗ್ಸ್ ಜೊತೆ ಉಳಿಸಿದರೆ ಅದು ವಾಲ್ಟ್‌ನ ಒಳಗೇ ಒಂದು ಫೈಲ್‌ನಲ್ಲಿ ಬಿಚ್ಚಿಟ್ಟ ಹಾಗೆ ಇರುತ್ತದೆ. ವಾಲ್ಟ್ ಅನ್ನು ಗಿಟ್‌ಹಬ್‌ಗೆ ತಳ್ಳುವ ಬಳಕೆದಾರರು ಬೇಕಾದಷ್ಟು ಜನ ಇದ್ದಾರೆ. ಅವರ ಕೀ ಎಲ್ಲಿಗೆ ಹೋಗುತ್ತದೆ ಅಂತ ಯೋಚಿಸಿ.

ಮೊಬೈಲಿನಲ್ಲೂ ಪ್ಲಗಿನ್ ಓಡುತ್ತದೆ, ಒಂದು ಷರತ್ತಿನ ಮೇಲೆ: ನೋಡ್‌ನ ಅಥವಾ ಎಲೆಕ್ಟ್ರಾನ್‌ನ (ಡೆಸ್ಕ್‌ಟಾಪ್ ಆ್ಯಪ್ ಕಟ್ಟಿರುವ ಚೌಕಟ್ಟಿನ) ಸೌಲಭ್ಯ ಬಳಸಿರಬಾರದು. ಬಳಸಿದ್ದರೆ ಮ್ಯಾನಿಫೆಸ್ಟ್‌ನಲ್ಲಿ ಇದು ಡೆಸ್ಕ್‌ಟಾಪ್‌ಗೆ ಮಾತ್ರ ಅಂತ ಹೇಳಿಬಿಡಬೇಕು. ಇನ್ನೊಂದು ಸಣ್ಣ ಗುಂಡಿ ಐಫೋನಿನಲ್ಲಿದೆ. ಪಠ್ಯದಲ್ಲಿ ಮಾದರಿ ಹುಡುಕುವ ರೆಗ್ಯುಲರ್ ಎಕ್ಸ್‌ಪ್ರೆಶನ್‌ನಲ್ಲಿ ಹಿಂದೆ ಏನಿದೆ ಅಂತ ನೋಡುವ ಲುಕ್‌ಬಿಹೈಂಡ್ ಅನ್ನುವುದು ಐಒಎಸ್ 16.4ಕ್ಕಿಂತ ಹಳೆಯ ಫೋನುಗಳಲ್ಲಿ ನಡೆಯುವುದಿಲ್ಲ. ನಿಮ್ಮ ಲ್ಯಾಪ್‌ಟಾಪಿನಲ್ಲಿ ಎಲ್ಲ ಚೆನ್ನಾಗಿರುತ್ತದೆ, ಅವರ ಫೋನಿನಲ್ಲಿ ಪ್ಲಗಿನ್ ಏಳುವುದೇ ಇಲ್ಲ.

ಜಾಪ್ಲಿನ್, ಮತ್ತೆ ಲಾಗ್‌ಸೆಕ್

ಜಾಪ್ಲಿನ್ ಕೂಡ ನೋಟ್ ಆ್ಯಪ್, ಆದರೆ ಓಪನ್ ಸೋರ್ಸ್, ಅಂದರೆ ಅದರ ಕೋಡ್ ಎಲ್ಲರಿಗೂ ತೆರೆದಿದೆ. ಅಬ್ಸಿಡಿಯನ್ ಹಾಗಲ್ಲ, ಅದರ ಪ್ಲಗಿನ್‌ಗಳಲ್ಲಿ ಹೆಚ್ಚಿನವು ತೆರೆದ ಕೋಡ್ ಆಗಿದ್ದರೂ ಆ್ಯಪ್‌ನ ಕೋಡ್ ಮುಚ್ಚಿಯೇ ಇದೆ. ಏನೋ ಒಂದು ನೀವಂದುಕೊಂಡಂತೆ ನಡೆಯದಿದ್ದಾಗ ಆ್ಯಪ್‌ನ ಕೋಡ್ ತೆರೆದು ಯಾಕೆ ಅಂತ ನೋಡಬಹುದು ಅನ್ನುವುದು ಕಲಿಯುವವರಿಗೆ ಸಣ್ಣ ಲಾಭವಲ್ಲ.

ಜಾಪ್ಲಿನ್ ಡೆಸ್ಕ್‌ಟಾಪ್‌ನಲ್ಲಿ ಪ್ರತಿ ಪ್ಲಗಿನ್ನೂ ತನ್ನದೇ ಪ್ರೊಸೆಸ್‌ನಲ್ಲಿ ಓಡುತ್ತದೆ. ನಿಮ್ಮ ಕೋಡ್ ಎಲ್ಲೋ ಸುತ್ತು ಹಾಕಿಕೊಂಡು ಸಿಕ್ಕಿಕೊಂಡರೂ ಆ್ಯಪ್ ಬದುಕಿರುತ್ತದೆ. ಅದಕ್ಕೆ ತೆರುವ ಬೆಲೆ ಅಂದರೆ, ಆ್ಯಪ್ ಜೊತೆಗಿನ ಪ್ರತಿ ಮಾತಿಗೂ ಉತ್ತರ ಬರುವವರೆಗೆ ಕಾಯಬೇಕು. ಆಯ್ದ ಪಠ್ಯ ಕೊಡು ಅಂತ ಒಂದು ಕಮಾಂಡ್, ಇದನ್ನು ಅಲ್ಲಿ ಹಾಕು ಅಂತ ಇನ್ನೊಂದು, ಎರಡಕ್ಕೂ ಅವೇಟ್. ಪಕ್ಕದಲ್ಲಿ ಒಂದು ಪ್ಯಾನೆಲ್ ತೋರಿಸಬೇಕಾದರೆ ಅದು ಬೇರೆಯೇ ವೆಬ್‌ವ್ಯೂ (ಆ್ಯಪ್ ಒಳಗಿನ ಪುಟ್ಟ ವೆಬ್ ಪುಟ). ಪ್ಯಾನೆಲ್‌ಗೂ ಪ್ಲಗಿನ್‌ಗೂ ನಡುವೆ ಸಂದೇಶ ಕಳಿಸಿಕೊಂಡೇ ಕೆಲಸ ಮಾಡಬೇಕು. ಮೊದಮೊದಲು ಸುಮ್ನೆ ಸುತ್ತುಬಳಸು ಅನ್ನಿಸುತ್ತದೆ.

ಶುರುವಿಗೆ ಯೋಮನ್ ಜನರೇಟರ್ ಇದೆ, ಅದು ಇಡೀ ಫೋಲ್ಡರನ್ನು ತಯಾರಿಸಿ ಕೊಡುತ್ತದೆ. ಆದರೆ ತಿದ್ದಿ ನೋಡುವ ವೇಗದಲ್ಲಿ ಇದು ಅಬ್ಸಿಡಿಯನ್‌ಗಿಂತ ಹಿಂದೆ. ಕೋಡ್ ಬದಲಿಸಿದಾಗ ಮತ್ತೆ ಬಿಲ್ಡ್ ಮಾಡಿ ಆ್ಯಪ್ಪನ್ನೇ ಮತ್ತೆ ತೆರೆಯಬೇಕಾಗುತ್ತದೆ. ಮೊಬೈಲಿಗೆ ಪ್ಲಗಿನ್ ಬಂದದ್ದು 2024ರ 3.0 ಆವೃತ್ತಿಯ ಹೊತ್ತಿಗೆ. ಹಾಗಾಗಿ ಹಳೆಯ ಪ್ಲಗಿನ್‌ಗಳಲ್ಲಿ ಡೆಸ್ಕ್‌ಟಾಪ್ ಮಾತ್ರ ನೋಡಿಕೊಂಡು ಬರೆದವೇ ಜಾಸ್ತಿ.

ಪ್ಲಗಿನ್ ಬೇಡ, ಪೈಥಾನ್‌ನಲ್ಲೇ ಬರೆಯುತ್ತೇನೆ ಅನ್ನುವವರಿಗೂ ಜಾಪ್ಲಿನ್‌ನಲ್ಲಿ ದಾರಿ ಇದೆ. ವೆಬ್ ಕ್ಲಿಪ್ಪರ್ ಸೇವೆ ಆನ್ ಮಾಡಿದರೆ ಆ್ಯಪ್ ನಿಮ್ಮ ಕಂಪ್ಯೂಟರಿನಲ್ಲೇ 41184 ಪೋರ್ಟ್‌ನಲ್ಲಿ ಒಂದು ಎಪಿಐ (ಬೇರೆ ಪ್ರೋಗ್ರಾಂಗಳು ಆ್ಯಪ್ ಜೊತೆ ಮಾತಾಡುವ ಬಾಗಿಲು) ತೆರೆದಿಡುತ್ತದೆ. ಟೋಕನ್ (ಗುಟ್ಟಿನ ಸಂಕೇತ) ಕೊಟ್ಟು ಯಾವ ಭಾಷೆಯಿಂದಾದರೂ ನೋಟ್ ಓದಬಹುದು, ತಿದ್ದಬಹುದು. ಹಳೆಯ ನೋಟ್‌ಗಳಲ್ಲೆಲ್ಲ ಒಂದೇ ಸಲ ಅಂಕಿ ಬದಲಿಸಬೇಕು ಅಂದರೆ ನಾನು ಇದನ್ನೇ ಹಿಡಿಯುತ್ತೇನೆ. ಮೊದಲು ಬ್ಯಾಕಪ್ ತೆಗೆದಿಡಿ, ಅಷ್ಟೇ.

ಲಾಗ್‌ಸೆಕ್ ಕೂಡ ಓಪನ್ ಸೋರ್ಸ್ ನೋಟ್ ಆ್ಯಪ್. ಅದರಲ್ಲಿ ಪ್ಲಗಿನ್ ಸಾಮಾನ್ಯವಾಗಿ ಒಂದು ಐಫ್ರೇಮ್‌ನಲ್ಲಿ (ಪುಟದೊಳಗಿನ ಪ್ರತ್ಯೇಕ ಚೌಕಟ್ಟಿನಲ್ಲಿ) ಓಡುತ್ತದೆ, ಎಲ್ಲವೂ ಬ್ಲಾಕ್ (ಪಠ್ಯದ ಒಂದೊಂದು ತುಂಡು) ಲೆಕ್ಕದಲ್ಲಿ ನಡೆಯುತ್ತದೆ. ಆ್ಯಪ್ ಫೈಲ್‌ಗಳಿಂದ ಡೇಟಾಬೇಸ್ ಕಡೆಗೆ ಹೊರಳುತ್ತಿದೆ. ಇಂಥ ಹೊತ್ತಿನಲ್ಲಿ ಬರೆದ ಪ್ಲಗಿನ್ ಎರಡೂ ಕಡೆ ನಡೆಯುತ್ತದೋ ಅಂತ ನೋಡುತ್ತಲೇ ಇರಬೇಕು. ನೀವು ಈಗಾಗಲೇ ಲಾಗ್‌ಸೆಕ್ ಬಳಸುವವರಾದರೆ ಸರಿ, ಕಲಿಯೋಕೆ ಅಂತಲೇ ಇದನ್ನು ಆರಿಸಬೇಡಿ.

ನೋಶನ್

ನೋಟ್, ಡೇಟಾಬೇಸ್ ಎಲ್ಲ ಒಂದೇ ಕಡೆ ಇಡುವ ನೋಶನ್‌ಗೆ ಪ್ಲಗಿನ್ ಬರೆಯುತ್ತೇನೆ ಅಂತ ಹೊರಟವರಿಗೆ ಮೊದಲೇ ಹೇಳಿಬಿಡುವುದು ಒಳ್ಳೆಯದು: ಅಬ್ಸಿಡಿಯನ್‌ನಲ್ಲಿ ಇರುವಂಥ ಪ್ಲಗಿನ್ ಇಲ್ಲಿ ಇಲ್ಲ. 2021ರ ಮೇ ತಿಂಗಳಲ್ಲಿ ಸಾರ್ವಜನಿಕರಿಗೆ ಬೀಟಾ ಆಗಿ ಬಂದ ಎಪಿಐ ಇದೆ. ಅದರಿಂದ ಹೊರಗೆ ನಿಂತು ಪುಟಗಳನ್ನು ಓದಬಹುದು, ಬರೆಯಬಹುದು. ಆದರೆ ಎಡಿಟರಿನಲ್ಲಿ ಪಠ್ಯ ಆಯ್ದು ಬಟನ್ ಒತ್ತಿದರೆ ನಿಮ್ಮ ಕೋಡ್ ಅಲ್ಲೇ ಓಡುವ ಹಾಗೆ ಮಾಡಲು ಈ ಎಪಿಐ ಜಾಗ ಕೊಡುವುದಿಲ್ಲ.

ಅಂಕಿ ಬದಲಿಸುವುದು ಇಲ್ಲಿ ಸಾಕಷ್ಟು ಗುದ್ದಾಟ. ನಿಮ್ಮ ಕೋಡ್‌ಗಾಗಿ ನೋಶನ್‌ನಲ್ಲಿ ಒಂದು ಇಂಟಿಗ್ರೇಶನ್ (ಹೊರಗಿನ ಕೋಡ್‌ನ ಸಂಪರ್ಕ) ಮಾಡಿ ಟೋಕನ್ ಪಡೆಯಬೇಕು. ಬೇಕಾದ ಪುಟಕ್ಕೆ ಆ ಇಂಟಿಗ್ರೇಶನ್‌ಗೆ ಪ್ರವೇಶ ಕೊಡಬೇಕು. ಇದನ್ನು ಮರೆತು, ಪುಟ ಕಣ್ಣೆದುರೇ ಇದ್ದರೂ ಎಪಿಐ ಸಿಗುತ್ತಿಲ್ಲ ಅನ್ನುತ್ತಿದೆಯಲ್ಲ ಅಂತ ತಲೆ ಕೆಡಿಸಿಕೊಳ್ಳುವವರು ಬಹಳ. ಆಮೇಲೆ ಪುಟದ ಬ್ಲಾಕ್‌ಗಳನ್ನು ಒಂದು ಸಲಕ್ಕೆ ಹೆಚ್ಚೆಂದರೆ 100ರಂತೆ ತರಿಸಿಕೊಂಡು, ಒಂದೊಂದನ್ನೇ ತಿದ್ದಿ ಕಳಿಸಬೇಕು. ಸರಾಸರಿ ಸೆಕೆಂಡಿಗೆ 3 ಕೋರಿಕೆ ದಾಟಬಾರದು. ದಪ್ಪಕ್ಷರ, ಲಿಂಕ್ ಇರುವ ಸಾಲು ಹಲವು ತುಂಡುಗಳಾಗಿ ಬರುತ್ತದೆ. ಅವನ್ನು ಹಾಗೇ ಉಳಿಸಿಕೊಂಡು ಅಂಕಿ ಮಾತ್ರ ಬದಲಿಸುವುದು ನಿಮ್ಮ ಜವಾಬ್ದಾರಿ.

ನೋಶನ್ ಎಪಿಐ ಹೊಳೆಯುವುದು ಬೇರೆ ಥರದ ಕೆಲಸಕ್ಕೆ. ಡೇಟಾಬೇಸ್‌ಗೆ ದಿನಾ ಬೆಳಿಗ್ಗೆ ಒಂದು ಸಾಲು ಸೇರಿಸುವುದು, ಫಾರ್ಮ್‌ನಿಂದ ಬಂದದ್ದನ್ನು ಟಾಸ್ಕ್ ಆಗಿ ಮಾಡುವುದು, ಎರಡು ಆ್ಯಪ್‌ಗಳ ನಡುವೆ ಸುದ್ದಿ ಸಾಗಿಸುವುದು. ಭಾಷೆ ಯಾವುದಾದರೂ ಆಗುತ್ತದೆ. ಆದರೆ ಕೋಡ್ ಓಡಲು ಜಾಗ ನೀವೇ ಹುಡುಕಬೇಕು, ಟೋಕನ್ ಗುಟ್ಟಾಗಿಡಬೇಕು. ಇದು ಪ್ಲಗಿನ್‌ಗಿಂತ ಬ್ಯಾಕೆಂಡ್ (ಸರ್ವರ್ ಕಡೆಯ) ಕೆಲಸಕ್ಕೆ ಹತ್ತಿರ. ಆಫೀಸಿನಲ್ಲಿ ಎಲ್ಲರೂ ನೋಶನ್‌ನಲ್ಲೇ ಇದ್ದಾರೆ ಅಂದರೆ ಅದೇ ಸರಿಯಾದ ಆಯ್ಕೆಯೂ ಹೌದು.

ರೇಕಾಸ್ಟ್

ಮ್ಯಾಕ್ ಇರುವವರು ಇದನ್ನು ಕಡೆಗಣಿಸಬಾರದು. ರೇಕಾಸ್ಟ್ ನೋಟ್ ಆ್ಯಪ್ ಅಲ್ಲ, ಕೀಬೋರ್ಡಿನಿಂದಲೇ ಎಲ್ಲ ತೆರೆಯುವ ಲಾಂಚರ್. 2025ರಲ್ಲಿ ವಿಂಡೋಸ್‌ಗೂ ಬೀಟಾ ಬಂದಿದೆ. ಎಕ್ಸ್‌ಟೆನ್ಶನ್‌ಗಳನ್ನು (ಇಲ್ಲಿ ಪ್ಲಗಿನ್‌ಗೆ ಇದೇ ಹೆಸರು) ರಿಯಾಕ್ಟ್ ಎಂಬ ಜಾವಾಸ್ಕ್ರಿಪ್ಟ್ ಲೈಬ್ರರಿ ಮತ್ತು ಟೈಪ್‌ಸ್ಕ್ರಿಪ್ಟ್‌ನಲ್ಲಿ ಬರೆಯುತ್ತಾರೆ. ಎಚ್‌ಟಿಎಂಎಲ್ ಆಗಲಿ ಸಿಎಸ್‌ಎಸ್ ಆಗಲಿ ಇಲ್ಲ, ಅವರು ಕೊಟ್ಟ ಪಟ್ಟಿ, ಫಾರ್ಮ್, ವಿವರದ ಪುಟ ಮುಂತಾದವನ್ನೇ ಜೋಡಿಸಬೇಕು. ಡಿಸೈನ್ ತಲೆನೋವು ಬೇಡದವರಿಗೆ ಇದು ಸುಖ.

ಮ್ಯಾಕ್‌ನಲ್ಲಿ ಎದುರಿಗಿರುವ ಆ್ಯಪ್ ಯಾವುದೇ ಆಗಿರಲಿ, ಅದರಲ್ಲಿ ಆಯ್ದ ಪಠ್ಯವನ್ನು ರೇಕಾಸ್ಟ್ ಎಕ್ಸ್‌ಟೆನ್ಶನ್ ತೆಗೆದುಕೊಂಡು, ಬದಲಿಸಿ, ಅಲ್ಲೇ ಪೇಸ್ಟ್ ಮಾಡಬಲ್ಲದು. ಮೇಲ್, ಬ್ರೌಸರ್, ನೋಟ್ಸ್ ಎಲ್ಲ ಕಡೆ ಒಂದೇ ಶಾರ್ಟ್‌ಕಟ್. ನಮ್ಮ ಅಂಕಿ ಕೆಲಸ ಒಂದನ್ನೇ ನೋಡಿದರೆ ಈ ಹೋಲಿಕೆಯಲ್ಲಿ ಗೆಲ್ಲುವುದು ರೇಕಾಸ್ಟ್. ಆದರೆ ಇದು ಲಿಂಕ್, ಕೋಡ್ ಬ್ಲಾಕ್ ಅಂತ ಏನನ್ನೂ ಅರಿಯುವುದಿಲ್ಲ. ಅದರ ಕೈಗೆ ಬರುವುದು ಬರೀ ಪಠ್ಯ.

ಕನ್ನಡ ಪಠ್ಯ ಕೈಕೊಡುವ ಜಾಗಗಳು

ಯಾವ ಆ್ಯಪ್ ಆರಿಸಿದರೂ ಇವು ಎದುರಾಗುತ್ತವೆ. ಅಂಕಿ ಆದ ಮೇಲೆ ಎಲ್ಲರೂ ಕೈಹಾಕುವುದು ಪದ ಎಣಿಸುವ ಪ್ಲಗಿನ್‌ಗೆ. ಇಂಗ್ಲಿಷ್ ಉದಾಹರಣೆಗಳಲ್ಲಿ ಪದದ ಅಕ್ಷರ ಹಿಡಿಯಲು ಬಳಸುವ ರೆಗ್ಯುಲರ್ ಎಕ್ಸ್‌ಪ್ರೆಶನ್ ಗುರುತು ಕನ್ನಡದ ಒಂದು ಅಕ್ಷರವನ್ನೂ ಹಿಡಿಯುವುದಿಲ್ಲ. ಲೆಕ್ಕ ಸೊನ್ನೆ ಬರುತ್ತದೆ. ಯೂನಿಕೋಡ್ ಅಕ್ಷರಗಳ ಗುಂಪನ್ನು ಹಾಕಿದರೆ ಮುಂದಿನ ತೊಂದರೆ: ಒತ್ತು, ಗುಣಿತದ ಗುರುತುಗಳು ಬೇರೆ ಗುಂಪಿನಲ್ಲಿವೆ, ಪದ ತುಂಡಾಗುತ್ತದೆ. ಅದನ್ನೂ ಸೇರಿಸಿದ ಮೇಲೂ ‘ಎಡಿಟರ್‌ನಲ್ಲಿ’ ಅನ್ನುವ ಒಂದು ಪದ ಎರಡಾಗಿ ಎಣಿಕೆಯಾಗಬಹುದು. ಯಾಕೆಂದರೆ ಅದರ ರ್ ಆದ ಮೇಲೆ ಕಣ್ಣಿಗೆ ಕಾಣದ ಒಂದು ಜೋಡಣೆ ತಡೆಯುವ ಗುರುತು ಇರುತ್ತದೆ. ಇದನ್ನೆಲ್ಲ ಕೈಯಾರೆ ಮಾಡುವ ಬದಲು ಜಾವಾಸ್ಕ್ರಿಪ್ಟ್‌ನಲ್ಲೇ ಇರುವ ಇಂಟಲ್ ಸೆಗ್ಮೆಂಟರ್ ಬಳಸಿ, ಪದದ ಲೆಕ್ಕದಲ್ಲಿ ಒಡೆ ಅಂತ ಹೇಳಿ. ಅಬ್ಸಿಡಿಯನ್, ಜಾಪ್ಲಿನ್‌ನ ಈಗಿನ ಡೆಸ್ಕ್‌ಟಾಪ್ ಆವೃತ್ತಿಗಳಲ್ಲಿ ಅದು ಸಿಗುತ್ತದೆ.

ಎಐ ಹತ್ತಿರ ಕೋಡ್ ಬರೆಸಿಕೊಳ್ಳುವವರಿಗೆ ಒಂದು ಮಾತು. ಅಬ್ಸಿಡಿಯನ್ ಎಡಿಟರ್ ತಾನು ಬಳಸುವ ಕೋಡ್‌ಮಿರರ್ ಎಂಬ ಲೈಬ್ರರಿಯ 5ನೇ ಆವೃತ್ತಿಯಿಂದ 6ಕ್ಕೆ ಬದಲಾಗಿದೆ, ಎರಡರ ರೀತಿಯೂ ಪೂರ್ತಿ ಬೇರೆ. ಆ್ಯಪ್ಸ್ ಸ್ಕ್ರಿಪ್ಟ್‌ಗೆ 2020ರಲ್ಲಿ ವಿ8 ಎಂಬ ಹೊಸ ಜಾವಾಸ್ಕ್ರಿಪ್ಟ್ ಎಂಜಿನ್ ಬಂತು, ಅದಕ್ಕೆ ಮುಂಚಿನ ಉದಾಹರಣೆಗಳು ಹಳೆಯ ಜಾವಾಸ್ಕ್ರಿಪ್ಟ್‌ನಲ್ಲಿವೆ. ಎಐ ಹಳೆಯದು ಹೊಸದು ಬೆರೆಸಿದ ಕೋಡ್ ಕೊಟ್ಟರೆ ಅದು ಅರ್ಧ ಓಡಿ ನಿಲ್ಲುತ್ತದೆ. ಸ್ಯಾಂಪಲ್ ಪ್ಲಗಿನ್ ಫೈಲನ್ನು ಮೊದಲು ಎಐಗೆ ತೋರಿಸಿ, ಆಮೇಲೆ ಕೇಳಿ.

ಬೇರೆಯವರಿಗೆ ಕೊಡುವಾಗ

ಶೀಟ್ಸ್‌ನಲ್ಲಿ ನಾಲ್ಕು ಜನಕ್ಕೆ ಕೊಡುವುದು ಸುಲಭ. ಶೀಟ್‌ನ ಪ್ರತಿ ಮಾಡಿಕೊಂಡರೆ ಸ್ಕ್ರಿಪ್ಟ್ ಕೂಡ ಜೊತೆಗೇ ಹೋಗುತ್ತದೆ. ಕಷ್ಟ ಅಂದರೆ, ಆಮೇಲೆ ನೀವು ತಿದ್ದಿದ್ದು ಅವರ ಪ್ರತಿಗೆ ತಲುಪುವುದಿಲ್ಲ. ನಾಲ್ಕು ಸಾವಿರ ಜನಕ್ಕೆ ಕೊಡಬೇಕಾದರೆ ಗೂಗಲ್‌ನ ಮಾರ್ಕೆಟ್‌ಪ್ಲೇಸ್‌ಗೆ ಹೋಗಬೇಕು. ಗೂಗಲ್ ಕ್ಲೌಡ್ ಪ್ರಾಜೆಕ್ಟ್, ಅನುಮತಿಯ ಪುಟ, ಗೂಗಲ್‌ನ ಪರಿಶೀಲನೆ ಎಲ್ಲ ದಾಟಬೇಕು. ಜಿಮೇಲ್‌ನಂಥ ಸೂಕ್ಷ್ಮ ಮಾಹಿತಿ ಮುಟ್ಟಿದರೆ ಇನ್ನೂ ಬಿಗಿ. ಸಂಸ್ಥೆಯ ಒಳಗೆ ಮಾತ್ರ ಹಂಚುವುದಾದರೆ ಗೂಗಲ್‌ನ ಪರಿಶೀಲನೆ ಬೇಕಿಲ್ಲ. ಶಾಲೆ, ಆಫೀಸುಗಳಿಗೆ ಇದೇ ದಾರಿ.

ಜಾಪ್ಲಿನ್‌ನಲ್ಲಿ ಎನ್‌ಪಿಎಂಗೆ ಸರಿಯಾದ ಹೆಸರಿನಲ್ಲಿ ಪ್ಯಾಕೇಜ್ ಹಾಕಿದರೆ ಅವರ ಪಟ್ಟಿ ಅದನ್ನು ತಾನೇ ಎತ್ತಿಕೊಳ್ಳುತ್ತದೆ. ರೇಕಾಸ್ಟ್‌ನಲ್ಲಿ ಎಲ್ಲರ ಎಕ್ಸ್‌ಟೆನ್ಶನ್‌ಗಳೂ ಗಿಟ್‌ಹಬ್‌ನ ಒಂದೇ ರೆಪೊಸಿಟರಿಯಲ್ಲಿ (ಕೋಡ್ ಸಂಗ್ರಹದಲ್ಲಿ) ಇರುತ್ತವೆ. ನನ್ನ ಕೋಡನ್ನೂ ಸೇರಿಸಿಕೊಳ್ಳಿ ಅಂತ ಪುಲ್ ರಿಕ್ವೆಸ್ಟ್ ಕಳಿಸಿದರೆ ಮನುಷ್ಯರೇ ಓದಿ ಕಾಮೆಂಟ್ ಹಾಕುತ್ತಾರೆ. ಕಲಿಯುವವರಿಗೆ ಇದು ಪುಕ್ಕಟೆ ಪಾಠ.

ಅಬ್ಸಿಡಿಯನ್‌ನಲ್ಲೂ ಪಟ್ಟಿಗೆ ಸೇರುವ ಮುಂಚೆ ಪರಿಶೀಲನೆ ಇದೆ. ಪ್ಲಗಿನ್ ಐಡಿಯಲ್ಲಿ ಅಬ್ಸಿಡಿಯನ್ ಅನ್ನುವ ಹೆಸರು ಇರಬಾರದು. ಕಮಾಂಡ್‌ಗಳಿಗೆ ನೀವಾಗಿ ಶಾರ್ಟ್‌ಕಟ್ ಕೊಡಬೇಡಿ ಅನ್ನುತ್ತಾರೆ, ಬಳಕೆದಾರರ ಶಾರ್ಟ್‌ಕಟ್ ಜೊತೆ ಜಗಳ ಆಗುತ್ತದೆ ಅಂತ. ಬಳಕೆದಾರರು ಬರೆದ ಪಠ್ಯವನ್ನು ನೇರ ಎಚ್‌ಟಿಎಂಎಲ್ ಆಗಿ ತುರುಕಿದ್ದರೆ ವಾಪಸ್ ಬರುತ್ತದೆ. ಲೈಸೆನ್ಸ್ ಫೈಲ್, ರೀಡ್‌ಮಿ ಎರಡೂ ಬೇಕು. ಪಟ್ಟಿಗೆ ಹೋಗುವ ಮೊದಲು ನಾಲ್ಕು ಗೆಳೆಯರ ಕೈಯಲ್ಲಿ ಓಡಿಸಿ ನೋಡಲು ಬ್ರ್ಯಾಟ್ ಅನ್ನುವ ಪ್ಲಗಿನ್ ಇದೆ. ಗಿಟ್‌ಹಬ್ ವಿಳಾಸ ಕೊಟ್ಟರೆ ಸಾಕು, ಅದು ನಿಮ್ಮ ಪ್ಲಗಿನ್ ಇಳಿಸಿಕೊಂಡು ಹೊಸ ಆವೃತ್ತಿ ಬಂದಾಗಲೂ ಅಪ್‌ಡೇಟ್ ಮಾಡುತ್ತದೆ. ಆ ನಾಲ್ಕು ಜನರಲ್ಲಿ ಒಬ್ಬರಾದರೂ ಐಫೋನಿನವರು, ಒಬ್ಬರಾದರೂ ಫೈಲ್‌ಗಳಿಗೆ ಕನ್ನಡದಲ್ಲೇ ಹೆಸರಿಡುವವರು ಇರಲಿ.